ರಜೆಗೆಂದು ತೆಗೆದಿಟ್ಟ ಬೆನ್ನು

ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ಅಭ್ಯಾಸ ಉಂಟು. ಅದನ್ನು ಮೊದಲೇ ಹೇಳಿಬಿಡ್ತೇನೆ, ಯಾಕೆಂದರೆ ಇಷ್ಟೆಲ್ಲ ಆದದ್ದು ಅದರಿಂದಲೇ. ನಾವು ಕಾಯಿಲೆಗಳನ್ನೆಲ್ಲ ಜುಲೈ ತಿಂಗಳಿಗೆ ತೆಗೆದಿಡ್ತೇವೆ. ಹಲ್ಲು ನೋವಾ, ರಜೆಗೆ ಊರಿಗೆ ಹೋದಾಗ ತೆಗೆಸುವ. ಕಣ್ಣು ಮಂಜಾ, ಊರಲ್ಲಿ ಗುರ್ತದ ಡಾಕ್ಟರು ಇದ್ದಾರೆ. ಮೊಣಕಾಲಾ, ಅಲ್ಲಿ ಎಣ್ಣೆ ಹಾಕಿ ತಿಕ್ಕುವವರು ಇದ್ದಾರೆ. ಇಲ್ಲಿ ಒಳ್ಳೆಯ ಆಸ್ಪತ್ರೆ ಇಲ್ಲದೆ ಅಲ್ಲ, ಕಂಪೆನಿಯ ಇನ್ಶೂರೆನ್ಸ್ ಕಾರ್ಡ್ ಇಲ್ಲದೆಯೂ ಅಲ್ಲ. ಊರಿನವರು ನಾಲ್ಕು ಮಂದಿ ನೋಡಿ ಹೌದು ಅಂದರೆ ಮಾತ್ರ ನಮಗೆ ಅದು ಕಾಯಿಲೆ.

ನಾನೇನೂ ಕಮ್ಮಿಯವಳಲ್ಲ. ನನ್ನ ಹೆಸರು ಗ್ರೆಟ್ಟಾ, ಊರು ಶಿರ್ವ. ಮಸ್ಕತ್ತಿನ ಒಂದು ದೊಡ್ಡಾಸ್ಪತ್ರೆಯ ಎಲುಬಿನ ವಿಭಾಗದಲ್ಲಿ ಹದಿನಾರು ವರ್ಷದಿಂದ ನರ್ಸ್. ದಿನಕ್ಕೆ ಐವತ್ತು ಮಂದಿಗೆ ಯಾಕೆ ಇಷ್ಟು ತಡ ಮಾಡಿದ್ದು ಅಂತ ಗದರಿಸುವವಳು ನಾನು, ನನ್ನ ಪಿತ್ತಕೋಶದ ಕಲ್ಲನ್ನು ಎರಡು ವರ್ಷ ಹೊತ್ತುಕೊಂಡು ತಿರುಗಿ ಉಡುಪಿಯಲ್ಲಿ ತೆಗೆಸಿದ್ದು. ನನ್ನ ಗಂಡ ಪಿಯುಸ್ ಅದನ್ನು ಹೇಳಿ ಈಗಲೂ ನಗ್ತಾರೆ. ನಗಲಿ, ನನ್ನದು ಕಲ್ಲು, ಅದು ಕಾಯ್ತದೆ. ಬೆಳೆಯುವ ಮಕ್ಕಳ ಎಲುಬು ಕಾಯುವುದಿಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸ ಎಂತದು ಅಂತ ಹೇಳ್ತೇನೆ.

ನಾವಿರುವುದು ಅಲ್ ಖೌದ್‌ನಲ್ಲಿ, ಮೂರನೇ ಮಾಳಿಗೆಯ ಫ್ಲಾಟು. ಎದುರು ಬಾಗಿಲಿನವರು ಇಳಕಲ್ ಕಡೆಯವರು: ಬಸವಂತಣ್ಣ, ಹೆಂಡತಿ ಮಹಾನಂದಾ, ಒಬ್ಬಳೇ ಮಗಳು ಪ್ರಿಯಾಂಕಾ. ಬಸವಂತಣ್ಣನಿಗೆ ಸೂರ್ ಹತ್ತಿರ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಬುಧವಾರ ಸಂಜೆ ಬಂದರೆ ಶುಕ್ರವಾರ ಸಂಜೆ ವಾಪಸ್, ಇಲ್ಲಿ ವಾರದ ರಜೆ ಗುರುವಾರ ಶುಕ್ರವಾರ ಅಲ್ಲವಾ. ಹಾಗಾಗಿ ಆ ಮನೆಯಲ್ಲಿ ಎಂತದೇ ತೀರ್ಮಾನ ಆಗಬೇಕಾದರೂ ಗುರುವಾರ ಆಗಬೇಕು. ಗುರುವಾರ ಆಗದ್ದು ಜುಲೈಗೆ. ಜುಲೈಯಲ್ಲಿ ತೀರ್ಮಾನ ಮಾಡುವವರು ಇಳಕಲ್ಲಿನ ಈರಣ್ಣ, ಬಸವಂತಣ್ಣನ ಅಣ್ಣ. ಅವರದ್ದು ಅಲ್ಲಿ ಮೆಡಿಕಲ್ ಶಾಪ್. ಮೂವತ್ತು ವರ್ಷ ಮಾತ್ರೆ ಮಾರಿದ್ದಕ್ಕೆ ಇಡೀ ಮನೆತನಕ್ಕೆ ಅವರೇ ಡಾಕ್ಟರು.

ಶುರುವಾದದ್ದು ದರ್ಜಿಯ ಜಗಳದಿಂದ, ಎರಡು ಸಾವಿರದ ಐದರ ಫೆಬ್ರವರಿಯಲ್ಲಿ. ಪ್ರಿಯಾಂಕಾ ಆಗ ಏಳನೇ ಕ್ಲಾಸು, ಹನ್ನೆರಡೂವರೆ ವರ್ಷ. ಯೂನಿಫಾರ್ಮಿನ ಕುರ್ತಾ ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಎರಡು ಸಲ ಬಿಚ್ಚಿ ಹೊಲಿಸಿದರೂ ಹಾಗೆಯೇ. ಮಹಾನಂದಾನಿಗೆ ಹಿಂದಿ ಸರಿಯಾಗಿ ಬರುವುದಿಲ್ಲ, "ಅಕ್ಕಾರ, ಬರ್ರಿ ನನ್ನ ಕೂಡ, ಆ ಮನಷ್ಯಾಗ ನೀವ ಒಂದೀಟು ಹೇಳ್ರಿ" ಅಂತ ನನ್ನನ್ನು ಎಳೆದುಕೊಂಡು ಹೋದಳು. ಬೈಯುವ ಕೆಲಸ ಅಂದರೆ ನಾನು ಮುಂದೆ. ರಾಜಸ್ಥಾನದ ಮುದುಕ ದರ್ಜಿ, ಚೆನ್ನಾಗಿ ಬೈದೆ. ಅವರು ಎಲ್ಲ ಕೇಳಿಸಿಕೊಂಡು ಕುರ್ತಾವನ್ನು ಮೇಜಿನ ಮೇಲೆ ಹಾಸಿ ಎರಡೂ ಬದಿ ಟೇಪು ಹಿಡಿದು ತೋರಿಸಿದರು. ಅರ್ಧ ಇಂಚೂ ವ್ಯತ್ಯಾಸ ಇಲ್ಲ. "ಬಟ್ಟೆ ನೆಟ್ಟಗೇ ಉಂಟು ಬೆಹನ್‌ಜೀ, ಮಗುವನ್ನು ನೋಡಿ" ಅಂದರು.

ನಾನು ನರ್ಸು, ನೋಡಿದ್ದು ದರ್ಜಿ. ಮನೆಗೆ ಬಂದು ಹುಡುಗಿಗೆ ಮುಂದಕ್ಕೆ ಬಗ್ಗಿ ಕಾಲಿನ ಬೆರಳು ಮುಟ್ಟಲಿಕ್ಕೆ ಹೇಳಿದೆ. ಬಗ್ಗಿದಾಗ ಬೆನ್ನಿನ ಬಲ ಬದಿ ಎತ್ತರಕ್ಕೆ ಎದ್ದು ನಿಂತಿತು, ಎಡ ಬದಿ ತಗ್ಗು. ಸ್ಕೋಲಿಯೋಸಿಸ್, ಬೆನ್ನೆಲುಬು ಬದಿಗೆ ಬಾಗುತ್ತಾ ತಿರುಚಿಕೊಳ್ಳುವುದು. ಬೆಳೆಯುವ ವಯಸ್ಸಿನ ಹೆಣ್ಣುಮಕ್ಕಳಲ್ಲೇ ಜಾಸ್ತಿ. ನೋವಿರುವುದಿಲ್ಲ, ಅದೇ ಅದರ ಮೋಸ.

ಗುರುವಾರಕ್ಕೆ ಕಾಯುವುದು ಬೇಡ, ಈಗಲೇ ರಜೆ ಹಾಕಿ ಬನ್ನಿ ಅಂತ ನಾನೇ ಹಠ ಹಿಡಿದು ಬಸವಂತಣ್ಣನಿಗೆ ಫೋನ್ ಮಾಡಿ ಕರೆಸಿದೆ. ಇದನ್ನಾದರೂ ಮಾಡಿದೆನಲ್ಲ ಅಂತ ಈಗ ಸಮಾಧಾನ ಮಾಡಿಕೊಳ್ಳಲಿಕ್ಕೆ ನೋಡ್ತೇನೆ, ಆಗುವುದಿಲ್ಲ.

ನಮ್ಮ ಡಾಕ್ಟರು ಖಲ್ಫಾನ್ ಅಂತ, ಒಮಾನಿ, ಕೆನಡಾದಲ್ಲಿ ಓದಿ ಬಂದವರು. ಅವರದ್ದು ಒಂದು ಕ್ರಮ. ಮಕ್ಕಳು ಬಂದರೆ ಅಪ್ಪ ಅಮ್ಮನ ಹತ್ತಿರ ಮಾತಾಡುವುದಿಲ್ಲ, ಮಕ್ಕಳ ಹತ್ತಿರವೇ. ಕುರ್ಚಿ ಎಳೆದು ಪ್ರಿಯಾಂಕಾನ ಎದುರು ಕೂತು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ಸಿಲಲ್ಲಿ ಗೆರೆ ಎಳೆದು ಇಂಗ್ಲಿಷಿನಲ್ಲಿ ವಿವರಿಸಿದರು. ಈಗ ಮೂವತ್ತೊಂದು ಡಿಗ್ರಿ ಬಾಗಿದೆ. ಇನ್ನೆರಡು ವರ್ಷ ನೀನು ಸರಸರ ಎತ್ತರ ಆಗ್ತೀ, ಬಾಗುವುದೂ ಅದರ ಜೊತೆಗೇ. ಒಂದು ಪ್ಲಾಸ್ಟಿಕ್ಕಿನ ಬ್ರೇಸ್ ಮಾಡಿಸ್ತೇವೆ, ಕಂಕುಳಿಂದ ಸೊಂಟದ ತನಕ. ದಿನಕ್ಕೆ ಇಪ್ಪತ್ತು ಗಂಟೆ ಹಾಕಬೇಕು. ಹಾಕಿದರೆ ಅಲ್ಲೇ ನಿಲ್ಲಬಹುದು, ಗ್ಯಾರಂಟಿ ಇಲ್ಲ. ಹಾಕದಿದ್ದರೆ ಮುಂದೆ ಆಪರೇಷನ್ ಬರಬಹುದು, ಬೆನ್ನೆಲುಬಿಗೆ ಎರಡು ರಾಡು ಕೂರಿಸಿ ಸ್ಕ್ರೂ ಹಾಕುವುದು.

ಹುಡುಗಿ ಎಲ್ಲ ಕೇಳಿದಳು. ಸ್ನಾನಕ್ಕೆ ತೆಗೆಯಬಹುದಾ, ಪೀಟಿ ಪಿರಿಯಡಿಗೆ ತೆಗೆಯಬಹುದಾ, ಬೇಸಿಗೆಯಲ್ಲಿ ಒಳಗೆ ಬೆವರು ಬಂದರೆ ಎಂತ ಮಾಡುವುದು. ನನ್ನ ಓಪಿಡಿಯಲ್ಲಿ ದೊಡ್ಡವರು ಸಹ ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದಿಲ್ಲ. ಕೊನೆಗೆ ಹೇಳಿದಳು, "ಐ ವಿಲ್ ವೇರ್ ಇಟ್. ನನಗೆ ರಾಡ್ ಬೇಡ." ಡಾಕ್ಟರು ತಲೆಯಾಡಿಸಿ ಫೈಲಿನಲ್ಲಿ ಏನೋ ಬರೆದುಕೊಂಡರು.

ಆಮೇಲೆ ಬಸವಂತಣ್ಣನ ಕಡೆ ತಿರುಗಿದರು. ಬಸವಂತಣ್ಣ ಬಹಳ ವಿನಯದ ಮನುಷ್ಯ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು, ಜುಲೈಗೆ ಊರಿಗೆ ಹೋಗುವುದುಂಟು, ಅಣ್ಣನಿಗೆ ತೋರಿಸಿ, ಬಂದ ಮೇಲೆ ನೋಡುವ ಅಂದರು. ಡಾಕ್ಟರು, ಈ ಐದು ತಿಂಗಳು ದೊಡ್ಡದು ಅಂತ ಎರಡು ಸಲ ಹೇಳಿದರು. ಬಸವಂತಣ್ಣ ಎರಡು ಸಲವೂ ಯೆಸ್ ಸರ್ ಅಂದರು.

ಹೊರಗೆ ವರಾಂಡದಲ್ಲಿ ಮಹಾನಂದಾ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಖರೇ ಹೇಳ್ರಿ. ಹೆಣ್ಣುಡುಗಿ ಮೈಮ್ಯಾಗ ಅಂಥಾದ್ದು ಬಿಗದ್ರ ಸಾಲ್ಯಾಗ ಮಂದಿ ಏನಂದಾರು. ನಾಳೆ ಲಗ್ನದಾಗ ಯಾರರ ಮಾತು ತಗದ್ರಂದ್ರ? ಐದು ತಿಂಗಳು ತಡದ್ರ ಏನೂ ಆಗೂದಿಲ್ಲಲ್ರಿ?"

ಬಸವಂತಣ್ಣ ನನ್ನ ಮುಖವನ್ನೇ ನೋಡುತ್ತಾ ಇದ್ದರು. ಹುಡುಗಿಯೂ ನೋಡುತ್ತಾ ಇದ್ದಳು. ನಾನು ಹೇಳಬಹುದಿತ್ತು. ಆಗ್ತದೆ ಮಾರಾಯ್ತಿ, ಐದು ತಿಂಗಳಲ್ಲಿ ಬೇಕಾದಷ್ಟು ಆಗ್ತದೆ, ಇವತ್ತೇ ಅಳತೆ ಕೊಟ್ಟು ಹೋಗಿ ಅಂತ. ಆದರೆ ಆ ಕೈ ಹಿಡಿದುಕೊಂಡವಳಿಗೆ ಅವಳು ಕೇಳಬೇಕು ಅಂತಿದ್ದ ಮಾತನ್ನೇ ಹೇಳಿದೆ. "ಐದು ತಿಂಗಳಲ್ಲಿ ಎಂತ ಆಗ್ತದೆ, ಹೆದರಬೇಡ" ಅಂದೆ. ಎದುರು ಮನೆಯವರು, ದಿನಾ ಮುಖ ನೋಡಬೇಕು, ಹೋಳಿಗೆ ಮಾಡಿದರೆ ನಮಗೆ ಮೊದಲು ತರುವವರು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಲಿಫ್ಟಿನಲ್ಲಿ ಪ್ರಿಯಾಂಕಾ ನನ್ನ ಪಕ್ಕ ನಿಂತಿದ್ದಳು. ಮೆಲ್ಲಗೆ, "ಆಂಟಿ, ಯು ಆರ್ ಎ ನರ್ಸ್" ಅಂದಳು. ಸಿಟ್ಟಿನಲ್ಲಿ ಅಲ್ಲ. ಮರೆತಿದ್ದೀರೋ ಏನೋ ಅಂತ ನೆನಪು ಮಾಡಿದ ಹಾಗೆ ಹೇಳಿದಳು. ನಾನು ಲಿಫ್ಟಿನ ನಂಬರುಗಳನ್ನು ನೋಡುತ್ತಾ ನಿಂತೆ.

ಜುಲೈ ಬಂತು, ಹೋದರು. ಆಗಸ್ಟಿನಲ್ಲಿ ವಾಪಸ್ ಬಂದ ಮೇಲೆ ಒಂದು ಮಧ್ಯಾಹ್ನ ಹುಡುಗಿ ಊರಿನ ಖಾರದ ಅವಲಕ್ಕಿ ಕೊಡಲಿಕ್ಕೆ ನಮ್ಮಲ್ಲಿಗೆ ಬಂದಳು. ಏನಾಯ್ತು ಅಂತ ನಾನೇ ಕೇಳಿದೆ. ಹೇಳಿದಳು. ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರಂತೆ. ದೊಡ್ಡಪ್ಪ, ಇಬ್ಬರು ಅತ್ತೆಯಂದಿರು, ಅವರ ಗಂಡಂದಿರು, ಅಜ್ಜಿ, ಪಕ್ಕದ ಮನೆಯ ಒಬ್ಬ ಮೇಷ್ಟ್ರು. ಇವಳನ್ನು ನಡುವೆ ನಿಲ್ಲಿಸಿ ಬಗ್ಗು ಅಂದರಂತೆ. ಬಗ್ಗಿದಳಂತೆ. ಒಬ್ಬೊಬ್ಬರೇ ಎದ್ದು ಬಂದು ಬೆನ್ನು ಮುಟ್ಟಿ ನೋಡಿದರಂತೆ. "ಆ ಸರ್ ಸಹ, ಆಂಟಿ. ಅವರು ಮ್ಯಾಥ್ಸ್ ಟೀಚರ್." ಆಮೇಲೆ ಚಹಾ ಮಾಡಿಕೊಂಡು ಬಾ ಅಂತ ಒಳಗೆ ಕಳಿಸಿದರಂತೆ. ಇವಳು ಚಹಾ ತಂದು ಕೊಡುವಷ್ಟರಲ್ಲಿ ತೀರ್ಮಾನ ಆಗಿತ್ತು.

ಈರಣ್ಣನ ತೀರ್ಮಾನ ಏನೆಂದರೆ, ಬೆಲ್ಟು ಬಿಗಿದರೆ ಎಲುಬು ಮೆತ್ತಗಾಗ್ತದೆ. ಹುಡುಗಿ ಬ್ಯಾಗು ಹೊತ್ತು ಹೊತ್ತು ವಾಲಿದ್ದು. ಕ್ಯಾಲ್ಸಿಯಂ ಮಾತ್ರೆ, ವಾರಕ್ಕೆ ಎರಡು ಸಲ ಎಣ್ಣೆ, ಚಾಪೆಯ ಮೇಲೆ ಮಲಗುವುದು. ಒಂದು ವರ್ಷ ನೋಡುವ, ಮುಂದಿನ ರಜೆಗೆ ಬಂದಾಗ ಬೇಕಾದರೆ ಹುಬ್ಬಳ್ಳಿಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸುವ. ಒಂದು ವರ್ಷದ ಮಾತ್ರೆಯನ್ನು ತಮ್ಮ ಅಂಗಡಿಯಿಂದಲೇ ಪೊಟ್ಟಣ ಕಟ್ಟಿ ಕೊಟ್ಟರಂತೆ. ಪ್ರೀತಿ ಇಲ್ಲದವರು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಪ್ರೀತಿ ಇತ್ತು, ಅದೇ ಮಂಡೆಬೆಚ್ಚ, ತಲೆಬಿಸಿ. ಕೆಟ್ಟವರಾಗಿದ್ದರೆ ನಾನು ಹೋಗಿ ಜಗಳ ಮಾಡಿ ಬರುತ್ತಿದ್ದೆ.

"ನೀನು ಎಂತ ಹೇಳಿದೆ?" ಅಂತ ಕೇಳಿದೆ.

"ನನ್ನನ್ನು ಕೇಳಿದ್ರೆ ಅಲ್ಲವಾ ಆಂಟಿ" ಅಂದಳು. ಅವಲಕ್ಕಿಯ ಡಬ್ಬಿ ಖಾಲಿ ಮಾಡಿ ಕೊಡಿ ಅಂತ ನಿಂತಳು, ಕೊಟ್ಟೆ, ಹೋದಳು.

ಮುಂದಿನ ವರ್ಷದ ರಜೆ ಬರಲೇ ಇಲ್ಲ. ಬಸವಂತಣ್ಣನ ಪ್ಲಾಂಟಿನಲ್ಲಿ ಆ ಬೇಸಿಗೆ ಶಟ್‌ಡೌನ್ ಅಂತ, ಎಲ್ಲ ನಿಲ್ಲಿಸಿ ರಿಪೇರಿ ಮಾಡುವ ಕೆಲಸ, ಯಾರಿಗೂ ರಜೆ ಇಲ್ಲ. ಬಸವಂತಣ್ಣನಿಲ್ಲದೆ ತಾಯಿ ಮಗಳು ಊರಿಗೆ ಹೋಗುವವರಲ್ಲ. ಹಾಗೆ ಒಂದು ವರ್ಷ ಅಂದದ್ದು ಎರಡಾಯ್ತು. ಹುಡುಗಿ ನೋಡುತ್ತಾ ನೋಡುತ್ತಾ ಎತ್ತರ ಆದಳು. ಬಲದ ಹೆಗಲಿನ ಮೂಳೆ ದುಪ್ಪಟ್ಟಾದ ಒಳಗಿಂದ ಕಾಣಲಿಕ್ಕೆ ಶುರುವಾಯ್ತು. ಮಹಾನಂದಾ ದುಪ್ಪಟ್ಟಾವನ್ನು ಅಗಲ ಮಾಡಿ ಪಿನ್ನು ಹಾಕಿ ಕಳಿಸುತ್ತಿದ್ದಳು.

ರಜೆ ತಪ್ಪಿದ ಆ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ, ಬೆಳಿಗ್ಗೆ ಹತ್ತೂವರೆಗೆ, ನನ್ನ ಓಪಿಡಿಯ ಕೌಂಟರಿನ ಎದುರು ಪ್ರಿಯಾಂಕಾ ನಿಂತಿದ್ದಾಳೆ. ಯೂನಿಫಾರ್ಮು, ಬೆನ್ನಿಗೆ ಬ್ಯಾಗು. ಒಬ್ಬಳೇ. ಸ್ಕೂಲ್ ಬಸ್ಸು ಹತ್ತದೆ, ರಸ್ತೆಯಲ್ಲಿ ಟ್ಯಾಕ್ಸಿಗೆ ಕೈ ತೋರಿಸಿ ಬಂದಿದ್ದಳು. ಹದಿನಾಲ್ಕು ವರ್ಷದ ಹೆಣ್ಣುಮಗು, ಹೆದ್ದಾರಿ, ಗುರ್ತ ಇಲ್ಲದ ಡ್ರೈವರು. ಬೈಯಲಿಕ್ಕೆ ಬಾಯಿ ತೆರೆದೆ, ಅವಳು ಬೈಯಲಿಕ್ಕೆ ಬಿಡಲಿಲ್ಲ.

"ಆಂಟಿ, ನನ್ನ ಫೈಲ್ ತೆಗೀರಿ. ನಾನು ಡಾಕ್ಟರನ್ನು ನೋಡ್ಬೇಕು. ಬ್ರೇಸಿನ ಅಳತೆ ಕೊಡ್ತೇನೆ. ಮನೇಲಿ ಹಾಕ್ಲಿಕ್ಕೆ ಬಿಡದಿದ್ರೆ ಸ್ಕೂಲಲ್ಲಿ ಹಾಕ್ತೇನೆ, ನಿಮ್ಮ ಮನೇಲಿ ಹಾಕ್ತೇನೆ, ರಾತ್ರಿ ಅವ್ವ ಮಲಗಿದ ಮೇಲೆ ಹಾಕ್ತೇನೆ. ಐ ಕೌಂಟೆಡ್, ಹದಿನಾಲ್ಕು ಗಂಟೆ ಆಗ್ತದೆ. ಇಪ್ಪತ್ತಲ್ಲ, ಆದ್ರೆ ಹದಿನಾಲ್ಕು."

ಕೂತು ಲೆಕ್ಕ ಹಾಕಿದ್ದಳು. ಯಾವ ಗಂಟೆಯಿಂದ ಯಾವ ಗಂಟೆಗೆ, ಎಲ್ಲಿ ಬದಲಾಯಿಸುವುದು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದಳು. ನಾನು ಓದಿದೆ. ನಮ್ಮ ಮನೆಯ ಹೆಸರೂ ಅದರಲ್ಲಿ ಇತ್ತು, ಸಂಜೆ ನಾಲ್ಕರಿಂದ ಏಳು, ಗ್ರೆಟ್ಟಾ ಆಂಟಿ.

ಡಾಕ್ಟರು ಒಳಗೆ ಇದ್ದರು. ನನ್ನ ಕೌಂಟರಿನಿಂದ ಹತ್ತು ಹೆಜ್ಜೆ, ಬಾಗಿಲು ಅರ್ಧ ತೆರೆದಿತ್ತು. ಹದಿನೆಂಟಾಗದವರಿಗೆ ಅಪ್ಪ ಜೊತೆಗೆ ಬರದೆ ಫೈಲು ತೆಗೆಯುವ ಹಾಗಿಲ್ಲ, ಅದು ನಿಯಮ. ಆದರೆ ನಿಯಮ ನಿಯಮ ಅಂತ ಈಗ ಹೇಳಿಕೊಂಡರೆ ಅದು ಅರ್ಧ ಸತ್ಯ. ಒಳಗೆ ಕಳಿಸಿದ್ದರೆ ಖಲ್ಫಾನ್ ಡಾಕ್ಟರು ಅವಳನ್ನು ಕೂರಿಸಿ ಮಾತಾಡಿಸುತ್ತಿದ್ದರು, ಅಪ್ಪನಿಗೆ ತಾವೇ ಫೋನ್ ಮಾಡುತ್ತಿದ್ದರು, ಅಷ್ಟು ಮಾಡುವ ಜನ ಅವರು. ಆಮೇಲೆ ಮಹಾನಂದಾ ಬಂದು, ನನ್ನ ಮಗಳನ್ನ ನಮಗ ತಿಳೀದ್ಹಂಗ ಒಳಗ ಕರಕೊಂಡು ಹೋದ್ರೇನ್ರಿ ಅಂತ ಕೇಳಿದರೆ? ಮೇಲಿನವರಿಗೆ ಕಂಪ್ಲೇಂಟು ಹೋದರೆ? ನನ್ನ ಕಾಂಟ್ರಾಕ್ಟು ಆ ಡಿಸೆಂಬರಿಗೆ ರಿನ್ಯೂ ಆಗಬೇಕಿತ್ತು. ಹತ್ತು ಹೆಜ್ಜೆ ಇಡಲಿಕ್ಕೆ ನನಗೆ ಆಗಲಿಲ್ಲ.

"ಅಪ್ಪನ್ನ ಕರ್ಕೊಂಡು ಬಾ ಮಗಾ" ಅಂದೆ.

ಅವಳು ಅಳಲಿಲ್ಲ. ನೋಟ್‌ಬುಕ್ಕು ಮಡಚಿ ಬ್ಯಾಗಿಗೆ ಹಾಕಿದಳು. "ಅವ್ವಂಗೆ ಹೇಳ್ಬೇಡಿ, ಪ್ಲೀಸ್" ಅಂದಳು. ಗುರ್ತದ ಟ್ಯಾಕ್ಸಿಯವನನ್ನು ಕರೆಸಿ ಸ್ಕೂಲಿಗೆ ಬಿಡಿಸಿದೆ.

ಆ ಗುರುವಾರ ಬಸವಂತಣ್ಣನ ಹತ್ತಿರ ಮಾತಾಡಿದೆ. ಮಾತಾಡಿದೆ ಅಂದರೆ, ಹುಡುಗಿ ಬಂದದ್ದನ್ನು ಹೇಳುವ ಹಾಗಿರಲಿಲ್ಲ, ಹಾಗಾಗಿ ಸುತ್ತಿ ಬಳಸಿ, ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದಿತ್ತು ಅಂದೆ. ಅವರು ನನಗೆ ಕುರ್ಚಿ ಕೊಟ್ಟು, ಸೂರ್‌ನಿಂದ ತಂದ ಹಲ್ವದ ಡಬ್ಬಿ ಕೈಗಿಟ್ಟರು. "ಹೂಂ ಸಿಸ್ಟರ್, ನನಗೂ ಅದ ಚಿಂತಿ ಐತ್ರಿ. ಆದ್ರ ಅಣ್ಣ ಹೇಳಿದ ಮ್ಯಾಲ ಅವನ ಬಿಟ್ಟು ನಾ ಹೆಂಗ ಮಾಡ್ಲಿ? ನಮ್ಮಪ್ಪ ಸತ್ತ ಮ್ಯಾಲ ನನ್ನ ಓದಿಸಿದಾವ ಅಂವ. ಬರೂ ಜುಲೈದಾಗ ಹುಬ್ಬಳ್ಳಿಗೆ ಕರಕೊಂಡ ಹೋಗೇ ಹೋಗ್ತೀನ್ರಿ, ನಿಮಗ ಮಾತು ಕೊಡ್ತೀನಿ." ನಾನು ಹಲ್ವ ತೆಗೆದುಕೊಂಡು ಮನೆಗೆ ಬಂದೆ. ಪಿಯುಸ್ ಚಮಚ ಹಾಕಿ ತಿನ್ನುತ್ತಾ, ಏನಾಯ್ತು ಅಂದರು. ಏನೂ ಆಗಲಿಲ್ಲ ಅಂದೆ.

ಎರಡು ಸಾವಿರದ ಏಳರ ಜೂನಿನಲ್ಲಿ ಗೋನು ಚಂಡಮಾರುತ ಬಂತು. ಸೂರ್ ರಸ್ತೆ ಕಿತ್ತುಹೋಯ್ತು, ಬಸವಂತಣ್ಣ ಅಲ್ಲೇ ಸಿಕ್ಕಿಬಿದ್ದರು, ನಮ್ಮ ಕಟ್ಟಡದಲ್ಲಿ ಕರೆಂಟಿಲ್ಲ, ಲಿಫ್ಟಿಲ್ಲ. ಎಲ್ಲರೂ ಬಕೆಟಿನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆವು. ಪ್ರಿಯಾಂಕಾ ಒಂದನೇ ಮಾಳಿಗೆಯ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಳು. ತುಟಿ ಬೆಳ್ಳಗೆ, ಏದುಸಿರು, ಬಾಯಿಂದ ಮಾತು ಬರುವುದಿಲ್ಲ. ಮಹಾನಂದಾ ಬಕೆಟು ಬಿಟ್ಟು ನನ್ನ ಮುಖ ನೋಡಿದಳು.

ರಸ್ತೆ ಸರಿಯಾದ ಮೇಲೆ ಬಸವಂತಣ್ಣ ನೇರ ಆಸ್ಪತ್ರೆಗೇ ಬಂದರು. ಜುಲೈ ಅಂತ ಹೇಳಲಿಲ್ಲ, ಅಣ್ಣ ಅಂತಲೂ ಹೇಳಲಿಲ್ಲ. ಎಕ್ಸ್‌ರೇ ಬಂತು, ಎಪ್ಪತ್ತೆರಡು ಡಿಗ್ರಿ. ಪಕ್ಕೆಲುಬು ತಿರುಚಿ ಬಲದ ಶ್ವಾಸಕೋಶಕ್ಕೆ ಜಾಗ ಕಮ್ಮಿಯಾಗಿತ್ತು. ಬೆಳವಣಿಗೆ ಹೆಚ್ಚುಕಮ್ಮಿ ಮುಗಿದಿತ್ತು, ಇನ್ನು ಬ್ರೇಸಿನಿಂದ ಏನೂ ಪ್ರಯೋಜನ ಇಲ್ಲ. ಬಿಟ್ಟರೆ ಇನ್ನೂ ಬಾಗ್ತದೆ. ರಾಡು ಹಾಕಲೇಬೇಕು, ಬೇಗ ಹಾಕಬೇಕು. ನಡುವೆ ಬೆನ್ನುಹುರಿ ಇರುವ ಜಾಗ, ಕೆಲವೇ ಕೆಲವರಿಗೆ ಕಾಲಿನ ಶಕ್ತಿ ಹೋಗುವುದೂ ಉಂಟು. ಡಾಕ್ಟರು ಇದನ್ನೆಲ್ಲ ಮೊದಲಿನ ಹಾಗೆಯೇ ಹುಡುಗಿಯ ಎದುರು ಕೂತು ಹೇಳಿದರು. ಈ ಸಲ ಅವಳು ಒಂದು ಪ್ರಶ್ನೆಯೂ ಕೇಳಲಿಲ್ಲ.

ಆಗಸ್ಟಿನಲ್ಲಿ ವಾರ್ಡಿಗೆ ಸೇರಿಸಿದರು. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಒಪ್ಪಿಗೆಯ ಫಾರಂ ತಂದರು. ನನ್ನನ್ನು ಓಪಿಡಿಯಿಂದ ಅಲ್ಲಿಗೆ ಕರೆಸಿದ್ದರು, ಕನ್ನಡ ಬರುವವಳು ನಾನೊಬ್ಬಳೇ ಅಂತ. ಬಸವಂತಣ್ಣ ಸಹಿ ಹಾಕಿದರು, ಹೆಸರಿನ ಕೊನೆ ಗೆರೆ ದಾಟಿ ಹೋಯ್ತು. ಆ ಗೆರೆಯ ಕೆಳಗೆ ಡಾಕ್ಟರು ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದರು. ಅದು ಅವರದ್ದೇ ಕ್ರಮ. ಮಕ್ಕಳದ್ದೂ ಒಂದು ಸಹಿ ಬೇಕು ಅಂತ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ, ಅವರ ಮನಸ್ಸಿಗೆ ಬೇಕು.

ಪ್ರಿಯಾಂಕಾ ಪೆನ್ನು ಮುಟ್ಟಲಿಲ್ಲ. "ನಾನು ಬೇಡ ಅಂದ್ರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ಸಂಜೆ ಪುನಃ ಬಂದು ನಿನ್ನ ಹತ್ತಿರ ಮಾತಾಡ್ತೇನೆ" ಅಂದರು ಡಾಕ್ಟರು.

"ಆಗಲೂ ಬೇಡ ಅಂದ್ರೆ?"

ಡಾಕ್ಟರು ಬಸವಂತಣ್ಣನ ಸಹಿಯನ್ನು ನೋಡಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. "ಆಗಲೂ ಮಾಡಬೇಕಾಗ್ತದೆ. ಆದರೆ ನಿನ್ನ ಮನಸ್ಸು ನನಗೆ ಗೊತ್ತಾಗಬೇಕು" ಅಂದರು.

"ನನ್ನ ಮನಸ್ಸು ಸೆವೆಂತ್ ಸ್ಟ್ಯಾಂಡರ್ಡಲ್ಲೇ ಹೇಳಿದ್ದೇನೆ. ಇಟ್ಸ್ ಇನ್ ಯುವರ್ ಫೈಲ್."

ಡಾಕ್ಟರು ಫೈಲು ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ಎರಡು ಸಾವಿರದ ಐದು, ಫೆಬ್ರವರಿ, ಅವರದ್ದೇ ಅಕ್ಷರ: ರೋಗಿ ಬ್ರೇಸ್ ಹಾಕಲು ತಯಾರಿದ್ದಾಳೆ, ತಂದೆತಾಯಿ ಯೋಚಿಸಿ ತಿಳಿಸುತ್ತಾರೆ. ಅವರು ಅದನ್ನು ಓದಿ ಫೈಲು ಮುಚ್ಚಿದರು. ಆಮೇಲೆ ಎದ್ದು, ನಾನು ಸಂಜೆ ನಾಲ್ಕರವರೆಗೆ ಕಾಯ್ತೇನೆ ಅಂತ ಹೇಳಿ ಹೋದರು.

ಅಷ್ಟು ಹೊತ್ತು ಬಸವಂತಣ್ಣ ಮಗಳ ಮಂಚದ ಹತ್ತಿರ ಕೂತು ಬೇಡಿಕೊಂಡರು. ನಾನು ಹದಿನಾರು ವರ್ಷದಲ್ಲಿ ಎಷ್ಟೋ ಅಪ್ಪಂದಿರನ್ನು ನೋಡಿದ್ದೇನೆ, ಮಕ್ಕಳ ಹತ್ತಿರ ಹಾಗೆ ಕೇಳಿಕೊಂಡವರನ್ನು ನೋಡಿಲ್ಲ. "ನಂದು ತಪ್ಪಾತವಾ. ನೀ ಅವತ್ತ ಹೇಳಿದ್ದು ಕೇಳಬೇಕಿತ್ತು. ಈಗರ ಹೇಳು, ನೀ ಏನಂತಿ? ನೀ ಹೂಂ ಅಂದ್ರ ಮಾಡಸೂಣು. ನೀ ಹೆಂಗ ಅಂತಿ ಹಂಗ."

"ಬ್ಯಾಡ ಅಂದ್ರ ಮನೀಗೆ ಕರಕೊಂಡ ಹೋಗ್ತೀರೇನ್ ಪಪ್ಪಾ?"

ಬಸವಂತಣ್ಣ ಅವಳ ಹೊದಿಕೆಯ ಅಂಚು ಸರಿ ಮಾಡಿದರು.

"ಮತ್ತ ಯಾಕ ಕೇಳ್ತೀರಿ?" ಅಂದಳು. ಜೋರಾಗಿ ಅಲ್ಲ. ಮಹಾನಂದಾ ಸೆರಗು ಬಾಯಿಗೆ ಇಟ್ಟುಕೊಂಡು ಹೊರಗೆ ಹೋದಳು. ಬಸವಂತಣ್ಣ ಮಗಳ ಪಾದದ ಮೇಲೆ ಕೈ ಇಟ್ಟು ಹಾಗೆಯೇ ಕೂತರು. ಅವಳು ಪಾದ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅಷ್ಟೇ ನಾನು ನೋಡಿದ್ದು.

ನಾಲ್ಕಕ್ಕೆ ಡಾಕ್ಟರು ಬಂದರು. ಗೆರೆ ಖಾಲಿಯೇ ಇತ್ತು. ಅವರು ಒಂದು ಸಲ ಹುಡುಗಿಯ ಮುಖ ನೋಡಿದರು, ಫಾರಮನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಸಿಸ್ಟರ್, ವಿಟ್ನೆಸ್ ನೀವು" ಅಂದರು.

ಸಾಕ್ಷಿಯ ಜಾಗದಲ್ಲಿ ಅಚ್ಚು ಹಾಕಿದ ಎರಡು ಸಾಲು ಇತ್ತು. ನೂರಾರು ಸಲ ಅದರ ಕೆಳಗೆ ಸಹಿ ಹಾಕಿದ್ದೇನೆ, ಅವತ್ತೇ ಮೊದಲು ಓದಿದ್ದು. ಹಾಕುವುದಿಲ್ಲ ಅಂತ ಹೇಳಬೇಕು ಅನ್ನಿಸಿತು. ನಾನು ಹಾಕದಿದ್ದರೆ ಫಾರಂ ಪೂರ್ತಿಯಾಗುವುದಿಲ್ಲ, ನಾಳೆಗೆ ಸಿಕ್ಕಿದ ಆಪರೇಷನ್ ಥಿಯೇಟರು ತಪ್ಪಿ ಹೋಗ್ತದೆ, ಮುಂದಿನ ತಾರೀಕು ನವೆಂಬರಿಗೆ. ಇನ್ನೂ ಮೂರು ತಿಂಗಳು ಅವಳ ಬೆನ್ನಿಗೆ ತಡ ಮಾಡುವ ಹಕ್ಕು ನನಗೆ ಎಲ್ಲಿ ಉಂಟು? ಹಾಕಿದರೂ ತಪ್ಪು, ಬಿಟ್ಟರೂ ತಪ್ಪು. ಮಂಚದ ಕಾಲಿನ ಹತ್ತಿರದ ಟ್ರಾಲಿಯ ಮೇಲೆ ಫಾರಂ ಇಟ್ಟು ಸಹಿ ಹಾಕಿದೆ.

"ಆಂಟಿ," ಪ್ರಿಯಾಂಕಾ ಕರೆದಳು. ಎಡ ಮಗ್ಗುಲಿಗೆ ತಿರುಗಿ ಮಲಗಿದ್ದಳು, ಬಲಕ್ಕೆ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. "ಅದರಲ್ಲಿ ಏನು ಬರ್ದಿದೆ? ಕನ್ನಡದಲ್ಲಿ ಹೇಳಿ. ನಿಮ್ಮನ್ನು ಕರೆಸಿದ್ದು ಅದಕ್ಕೆ ಅಲ್ಲವಾ."

ಹೇಳಿದೆ. "ರೋಗಿಗೆ ಅವಳ ಭಾಷೆಯಲ್ಲಿ ಎಲ್ಲ ವಿವರಿಸಲಾಗಿದೆ. ಪ್ರಶ್ನೆ ಕೇಳಲಿಕ್ಕೆ ಅವಕಾಶ ಕೊಡಲಾಗಿದೆ. ಅವಳ ಅಭಿಪ್ರಾಯ ಕೇಳಲಾಗಿದೆ."

ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಕರೆಕ್ಟೇ ಇದೆ" ಅಂದಳು. "ಡೇಟ್ ಹಾಕಿ ಆಂಟಿ. ಯಾವಾಗ ಕೇಳಿದ್ದು ಅಂತ ಗೊತ್ತಾಗ್ಬೇಕು."

ಹಾಕಿದೆ. ಹದಿನಾಲ್ಕು, ಆಗಸ್ಟ್, ಎರಡು ಸಾವಿರದ ಏಳು.